ಪಂದ್ಯದ ದಿನದ ಕೆಲಸಗಾರರಿಗೆ ಬಳಕೆಯ ಕೈಪಿಡಿ (ಮಂಗಳೂರು ಮಾದರಿ)

1. ಪರಿಚಯ

ಅಭಿನಂದನೆಗಳು. ಈ ವಾರಾಂತ್ಯ ಮಂಗಳೂರಿನ ಯಾವುದೋ ಒಂದು ಮೈದಾನದಲ್ಲಿ ನಿಮಗೆ ಒಂದು ದಿನದ ಕೆಲಸ ಸಿಕ್ಕಿದೆ. ನೀವು ಅರ್ಜಿ ಹಾಕಿರಲಿಲ್ಲ, ಯಾರೂ ಸಂದರ್ಶನ ಮಾಡಿರಲಿಲ್ಲ. ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಒಂದು ಫೋನ್ ಬಂತು: "ನಾಳೆ ಫ್ರೀ ಉಂಟಾ ಮಾರಾಯ? ಬೆಳಿಗ್ಗೆ ಆರಕ್ಕೆ ಬಾ. ಕಪ್ಪು ಪ್ಯಾಂಟು ಇದ್ರೆ ಹಾಕ್ಕೊಂಡು ಬಾ." ಇದೇ ನೇಮಕಾತಿ ಆದೇಶ. ಇದಕ್ಕೆ ಪ್ರತಿ ಇರುವುದಿಲ್ಲ, ನೆನಪಿನಲ್ಲಿಟ್ಟುಕೊಳ್ಳಿ.

ಕೆಲಸ ಕೊಟ್ಟವರು ಯಾರು ಎಂದು ಯಾರಾದರೂ ಕೇಳಿದರೆ ನೀವು ಹೇಳಬಹುದಾದದ್ದು ಫೋನ್ ಮಾಡಿದವನ ಹೆಸರು ಮಾತ್ರ. ಅವನನ್ನು ಕೇಳಿದರೆ ಅವನಿಗೆ ಹೇಳಿದವನ ಹೆಸರು ಸಿಗುತ್ತದೆ. ಸರಪಳಿಯ ತುದಿಯಲ್ಲಿ ಒಂದು ಸಮಿತಿ ಇದೆ. ಆಮಂತ್ರಣ ಪತ್ರಿಕೆಯ ಎರಡು ಪುಟ ತುಂಬ ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು, ಸಲಹೆಗಾರರು ಇದ್ದಾರೆ. ಕೂಲಿ ಕೊಡುವವರು ಎಂಬ ಅಂಕಣ ಮಾತ್ರ ಅಚ್ಚಾಗಿಲ್ಲ. ಈ ಕೈಪಿಡಿ ಬರೆಯಬೇಕಾಗಿ ಬಂದದ್ದು ಅದಕ್ಕೇ.

2. ನಿಮ್ಮ ಮೈದಾನ ಯಾವ ಮಾದರಿಯದು? ಮೊದಲು ಗುರುತಿಸಿ

ಮಾದರಿ ಅ: ಮಂಗಳಾ ಕ್ರೀಡಾಂಗಣ. ಗ್ಯಾಲರಿ, ಸಿಂಥೆಟಿಕ್ ಟ್ರ್ಯಾಕ್, ಗೇಟು, ಎಲ್ಲವೂ ಇರುವ ಸಂಪೂರ್ಣ ಮಾದರಿ. 2015ರ ಮೇ ತಿಂಗಳಲ್ಲಿ ಫೆಡರೇಷನ್ ಕಪ್ ಅಥ್ಲೆಟಿಕ್ಸ್‌ಗೆ ದೇಶದ ಹಿರಿಯ ಓಟಗಾರರೆಲ್ಲ ಬಂದದ್ದು ಇಲ್ಲಿಗೇ. ಇಲ್ಲಿ ನಿಮ್ಮ ಕೆಲಸ ಹರ್ಡಲ್ಸ್ ಹೊರುವುದು, ಉದ್ದಜಿಗಿತದ ಮರಳು ಸಮ ಮಾಡುವುದು, ಮರಳು ಸಮ ಮಾಡುವಾಗ ಜಾವೆಲಿನ್ ಎಲ್ಲಿದೆ ಎಂದು ನೋಡುತ್ತಿರುವುದು. ಮಂಗಳೂರಿನ ಮೇ ತಿಂಗಳಲ್ಲಿ ಸುಮ್ಮನೆ ನಿಂತವನಿಗೂ ಬೆವರು ಧಾರೆಯಾಗಿ ಇಳಿಯುತ್ತದೆ. ಓಡದೆಯೇ ಓಡಿದ ದಣಿವು ಇಲ್ಲಿ ಉಚಿತ.

ಮಾದರಿ ಆ: ನೆಹರೂ ಮೈದಾನ. ಒಂದೇ ನೆಲದಲ್ಲಿ ಹಲವು ಪಂದ್ಯಗಳು ಒಟ್ಟಿಗೆ ನಡೆಯುವ ಬಹುಪಯೋಗಿ ಮಾದರಿ. ಒಂದು ತಂಡದ ಲಾಂಗ್ ಆನ್ ಇನ್ನೊಂದು ತಂಡದ ಸ್ಲಿಪ್ ಆಗಿರುತ್ತಾನೆ. ಇಲ್ಲಿ ಚೆಂಡು ಹೆಕ್ಕುವ ಕೆಲಸ ಸಿಕ್ಕಿದರೆ, ಹೆಕ್ಕಿದ ಚೆಂಡು ಯಾವ ಪಂದ್ಯದ್ದು ಎಂದು ಮೊದಲು ವಿಚಾರಿಸಿ, ಆಮೇಲೆ ಎಸೆಯಿರಿ.

ಮಾದರಿ ಇ: ಹೊನಲು ಬೆಳಕಿನ ಅಂಗಳ. ಹಗಲು ಶಾಲೆ, ರಾತ್ರಿ ಕ್ರೀಡಾಂಗಣ. ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್ ಆಡಲು ಸಂಜೆಯೊಳಗೆ ಕಂಬ ನೆಟ್ಟು, ದೀಪ ಕಟ್ಟಿ, ಗ್ಯಾಲರಿ ಎಬ್ಬಿಸಲಾಗುತ್ತದೆ. ಗ್ಯಾಲರಿಯ ಹಲಗೆಯ ಮೇಲೆ ನೀವೇ ಮೊದಲು ಕುಣಿದು ನೋಡಿ. ನಿಮ್ಮೊಬ್ಬನ ಕುಣಿತಕ್ಕೆ ಅಲುಗಾಡುವ ಹಲಗೆ, ಸೂಪರ್ ರೈಡ್‌ಗೆ ಇನ್ನೂರು ಜನ ಒಟ್ಟಿಗೆ ಎದ್ದಾಗ ನಿಲ್ಲುವುದಿಲ್ಲ.

ಮಾದರಿ ಈ: ಕಂಬಳದ ಕರೆ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿ. ಕರಾವಳಿಯ ನಿಜವಾದ ದೊಡ್ಡ ಕ್ರೀಡಾಂಗಣ. ವರ್ಷದ ಬಹುಪಾಲು ಬರಿಯ ನೆಲ. ನವೆಂಬರಿನಿಂದ ಬೇಸಗೆಯವರೆಗೆ ಯಾವುದೋ ಒಂದು ಶನಿವಾರ ಸಾವಿರಾರು ಜನ. ನಗರದೊಳಗೇ ಬೇಕೆಂದರೆ ಬಂಗ್ರಕೂಳೂರಿನ ಗೋಲ್ಡ್‌ಫಿಂಚ್ ಸಿಟಿಯಲ್ಲಿ ರಾಮ-ಲಕ್ಷ್ಮಣ ಜೋಡುಕರೆ ಇದೆ.

ಮಾದರಿ ಉ: ಅಂತಾರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣ. ಕ್ಷಮಿಸಿ, ಈ ಮಾದರಿ ಮಂಗಳೂರಿನಲ್ಲಿ ದಾಸ್ತಾನಿಲ್ಲ. 2025ರ ಮಹಾರಾಜ ಟ್ರೋಫಿ ಗೆದ್ದ ತಂಡದ ಹೆಸರು ಮಂಗಳೂರು ಡ್ರ್ಯಾಗನ್ಸ್. ಗೆದ್ದ ನೆಲ ಮೈಸೂರಿನದು. ತಂಡ ನಮ್ಮದಾದರೂ ಆ ದಿನಗಳ ಕೂಲಿ ಮೈಸೂರಿನವರದ್ದು. ಪಂದ್ಯ ಯಾಕೆ ಊರು ಬದಲಿಸುತ್ತದೆ ಎಂಬುದನ್ನು ವಿಭಾಗ 5ರಲ್ಲಿ ನೋಡಿ.

3. ಪೆಟ್ಟಿಗೆಯಲ್ಲಿ ಇರಬೇಕಾದ ವಸ್ತುಗಳು

ಟೀಶರ್ಟ್, ಒಂದು. ಅಳತೆ ಎಕ್ಸ್‌ಎಲ್ ಮಾತ್ರ. ಎದೆಯಲ್ಲಿ ಬ್ಯಾಂಕು, ಬೆನ್ನಲ್ಲಿ ಚಿನ್ನದಂಗಡಿ, ತೋಳಿನಲ್ಲಿ ಐಸ್‌ಕ್ರೀಮು. ನಿಮ್ಮ ಹೆಸರಿಗೆ ಜಾಗ ಇಲ್ಲ.

ಬ್ಯಾಡ್ಜು, ಒಂದು. "ಸ್ವಯಂಸೇವಕ" ಎಂದು ಬರೆದಿರುತ್ತದೆ. ನೀವು ಕೂಲಿಗೆ ಬಂದವರು ಎಂದು ಹೇಳಿದರೂ ಬದಲಿ ಬ್ಯಾಡ್ಜು ಸಿಗುವುದಿಲ್ಲ.

ಸೀಟಿ, ಒಂದು. ಕಬಡ್ಡಿ ಅಂಕಣದ ಹತ್ತಿರ ಊದಬೇಡಿ. ಆಟ ನಿಲ್ಲುತ್ತದೆ, ಆಮೇಲೆ ಆಟವಲ್ಲದ್ದು ಸುರುವಾಗುತ್ತದೆ.

ಊಟದ ಕೂಪನ್, ಎರಡು. ಬೆಳಗ್ಗಿನದ್ದು ಗೋಳಿಬಜೆ ಮತ್ತು ಚಾ, ಮಧ್ಯಾಹ್ನದ್ದು ಅನ್ನ ಸಾಂಬಾರು. ಕೂಪನ್ ಇದ್ದರೆ ಊಟ ಇದೆ ಎಂದು ಅರ್ಥವಲ್ಲ. ಅತಿಥಿಗಳ ಕಾರಿನ ಚಾಲಕರಿಗಿಂತ ಮೊದಲು ಸಾಲಿಗೆ ಸೇರಿ.

ಹಗ್ಗ, ಸಾಕಷ್ಟು. ಈ ಊರಿನಲ್ಲಿ ಗಡಿ, ಗೇಟು, ವಿಐಪಿ ಆವರಣ, ಹೆಂಗಸರ ಸಾಲು, ಎಲ್ಲವೂ ಹಗ್ಗದಿಂದಲೇ ಆಗುವುದು.

ಯಾವುದಾದರೂ ವಸ್ತು ಕಡಿಮೆ ಬಿದ್ದರೆ ಫೋನ್ ಮಾಡಿದವನನ್ನು ಸಂಪರ್ಕಿಸಿ. ಆ ದಿನ ಅವನು ಫೋನ್ ಎತ್ತುವುದಿಲ್ಲ.

4. ಕಾರ್ಯಾಚರಣೆ

4.1 ಪಾರ್ಕಿಂಗ್. ಬೇಕಾದ ಭಾಷೆಗಳು: ತುಳು, ಕನ್ನಡ, ಕೊಂಕಣಿ, ಬ್ಯಾರಿ, ತಲಪಾಡಿ ಗಡಿ ದಾಟಿ ಬಂದ ಕಾರಿಗೆ ಮಲಯಾಳ. ಬೇಕಾದ ಮಾತುಗಳು ಎರಡೇ: "ದುಂಬು ಪೋಲೆ" (ಮುಂದೆ ಹೋಗಿ), "ಪಿರ ಪೋಲೆ" (ಹಿಂದೆ ಹೋಗಿ). ಕಿಟಕಿ ಇಳಿಸಿ "ನಾನು ಯಾರು ಗೊತ್ತುಂಟಾ?" ಎಂದು ಕೇಳುವವರು ಗಂಟೆಗೊಬ್ಬರಂತೆ ಬರುತ್ತಾರೆ. "ಗೊತ್ತುಂಟು ಸರ್, ನಿಮಗೇ ಅಂತ ನೆರಳಿನಲ್ಲಿ ಜಾಗ ಇಟ್ಟಿದ್ದೇವೆ" ಎಂದು ಹೇಳಿ, ಎಲ್ಲಕ್ಕಿಂತ ದೂರದ ಮರದ ಬುಡಕ್ಕೆ ಕಳಿಸಿ. ಬಯ್ಯಲು ಅವರು ಅಲ್ಲಿಂದ ನಡೆದು ಬರುವಷ್ಟರಲ್ಲಿ ನಿಮ್ಮ ಪಾಳಿ ಮುಗಿದಿರುತ್ತದೆ.

4.2 ತಿನಿಸು ಮಾರಾಟ. ಸಂತೆಯ ಲೆಕ್ಕ ಬೇರೆ, ಮೈದಾನದ ಲೆಕ್ಕ ಬೇರೆ. ಇಲ್ಲಿ ಮಾರುವುದು ವಿರಾಮದಲ್ಲಿ. ಕಬಡ್ಡಿಯಲ್ಲಿ ಇಪ್ಪತ್ತು ನಿಮಿಷದ ಎರಡು ಅರ್ಧ, ನಡುವೆ ಐದು ನಿಮಿಷ. ಆ ಐದು ನಿಮಿಷದಲ್ಲಿ ಚರುಮುರಿ ಕಲಸಿ, ಕಟ್ಟಿ, ಚಿಲ್ಲರೆ ಕೊಡುವವನು ರೈಡರ್‌ಗಿಂತ ಚುರುಕಾಗಿರಬೇಕು. ಈರುಳ್ಳಿ ಮೊದಲೇ ಕೊಚ್ಚಿಡಿ, ಮಾವಿನಕಾಯಿ ಆಗಲೇ ಕೊಚ್ಚಿ. ಕಂಬಳಕ್ಕೆ ಈ ಅವಸರವಿಲ್ಲ. ಶನಿವಾರ ಬೆಳಿಗ್ಗೆ ಸುರುವಾದದ್ದು ಭಾನುವಾರದ ತನಕ ಎಳೆಯುತ್ತದೆ. ಹಗಲು ಬೊಂಡ ಮತ್ತು ಪುನರ್ಪುಳಿ ಶರಬತ್ತು, ನಡುರಾತ್ರಿ ಆಮ್ಲೆಟ್ಟು, ಬೆಳಗಿನ ಜಾವ ಚಾ. ಇಪ್ಪತ್ತನಾಲ್ಕು ಗಂಟೆಯೊಳಗೆ ಕಂಬಳ ಮುಗಿಸಬೇಕು ಎಂಬ ಒತ್ತಾಯ ಹಲವು ಕಡೆಯಿಂದ ಬಂದಿದೆ. ಆಮ್ಲೆಟ್ಟಿನವರು ಮಾತ್ರ ಆ ಬಗ್ಗೆ ಮಾತಾಡಿದ್ದಿಲ್ಲ.

4.3 ಕರೆಯ ಕೆಲಸ. ಇದಕ್ಕೆ ಹೊಸಬರನ್ನು ಹಾಕುವುದಿಲ್ಲ. ಹಾಕಿದರೆ ನೀವೇ ಬೇಡವೆನ್ನಿ. ಓಟ ಸುರುವಾಗುವ ಗಂತಿನಲ್ಲಿ ಎರಡು ಜೊತೆ ಕೋಣಗಳನ್ನು ಸರಿಸಮವಾಗಿ ನಿಲ್ಲಿಸಲು ಮುಂದೆ ನಾಲ್ಕಾರು ಜನ ಬೇಕು. ಬಿಟ್ಟ ಕ್ಷಣ ಪಕ್ಕಕ್ಕೆ ಹಾರಬೇಕು. ಯಾವ ಪಕ್ಕಕ್ಕೆ ಎಂಬುದನ್ನು ಬಿಡುವ ಮೊದಲೇ ನಿರ್ಧರಿಸಿ. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಇನ್ನೊಂದು ಗುಂಪು ಓಡಿ ಬಂದ ಕೋಣಗಳನ್ನು ಹಿಡಿಯುತ್ತದೆ. ನಡುವೆ ಕರೆಗೆ ನೀರು ಹಾಯಿಸುವವರು, ಕೆಸರು ಸಮ ಮಾಡುವವರು, ಕನೆಹಲಗೆ ಓಟದಲ್ಲಿ ಚಿಮ್ಮಿದ ನೀರು ಆರೂವರೆ ಕೋಲಿನ ನಿಶಾನೆಗೆ ಮುಟ್ಟಿತೋ ಏಳೂವರೆಯದಕ್ಕೆ ಮುಟ್ಟಿತೋ ಎಂದು ಕುತ್ತಿಗೆ ಎತ್ತಿ ನೋಡುವವರು. ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗಗಳಲ್ಲಿ ಯಾರು ಮೊದಲು ಎಂಬುದನ್ನು ಈಗ ಸೆನ್ಸರ್ ಕಿರಣ ಹೇಳುತ್ತದೆ. ಆ ಯಂತ್ರಕ್ಕೆ ಕೆಸರು ಹಾರದಂತೆ ನೋಡಿಕೊಳ್ಳಲು ಮನುಷ್ಯರೇ ಬೇಕು.

ಈ ವಿಭಾಗದಲ್ಲಿ ಭಡ್ತಿಗೆ ಅವಕಾಶವಿದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್‌ನ ದಾಖಲೆ 9.58. ಕೆಲವೇ ದಿನಗಳಲ್ಲಿ ದೇಶವೇ ಅವರ ಹಿಂದೆ ಓಡಿತು, ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆಯಿತು, ಅವರು ಒಪ್ಪಲಿಲ್ಲ. ಟ್ರ್ಯಾಕಿನ ಓಟ ಬೇರೆ, ಕೋಣದ ಹಿಂದಿನ ಓಟ ಬೇರೆ ಎಂದು ಅವರಿಗೆ ಗೊತ್ತಿತ್ತು. ಗೆದ್ದ ಕೋಣಗಳ ಯಜಮಾನರಿಗೆ ಪವನ್ ಲೆಕ್ಕದ ಚಿನ್ನ ಸಿಗುವ ಈ ಆಟದ ಅತಿ ಪ್ರಸಿದ್ಧ ಓಟಗಾರ, ಉಳಿದ ದಿನಗಳಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದವರು. ಕರೆಯ ಒಳಗಿನವರೂ ಹೊರಗಿನವರೂ ದಿನಗೂಲಿಯವರೇ ಆಗಿರುವ ಕ್ರೀಡಾಂಗಣ ಇನ್ನೆಲ್ಲಿ ಸಿಕ್ಕೀತು?

4.4 ವೀಕ್ಷಕ ವಿವರಣೆ. ಗಂಟಲು ನಿಮ್ಮದೇ ತರಬೇಕು. ಕಂಬಳದಲ್ಲಿ ಕೋಣದ ಯಜಮಾನರ ಊರು, ಮನೆತನ, ಹೆಸರು, ಅವರ ಜೋಡಿ 'ಎ'ಯೋ 'ಬಿ'ಯೋ, ಓಡಿಸುವವರು ಯಾರು, ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಯಾವ ಊರಿನಲ್ಲಿ ಮಾತಾಡುತ್ತಿದ್ದೀರಿ ಎಂಬುದನ್ನು ಮರೆಯಬಾರದು: ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ ಕರೆ, ಮಿಯ್ಯಾರಿನಲ್ಲಿ ಲವ-ಕುಶ, ವೇಣೂರಿನಲ್ಲಿ ಸೂರ್ಯ-ಚಂದ್ರ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ. ಲವನನ್ನು ಉಪ್ಪಿನಂಗಡಿಗೆ ಕರೆತಂದರೆ ಜನ ಕ್ಷಮಿಸುತ್ತಾರೆ, ಆದರೆ ಮುಂದಿನ ಶನಿವಾರ ಕರೆಯುವುದಿಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳವಾದಾಗ ಕೋಣಗಳ ಜೊತೆ ಈ ಗಂಟಲುಗಳೂ ಘಟ್ಟ ಹತ್ತಿದವು. ಕರೆಗೆ ಇಟ್ಟ ಹೆಸರು ರಾಜ-ಮಹಾರಾಜ. ಬೆಂಗಳೂರಿನವರು ಕನೆಹಲಗೆ ಎಂದರೇನು ಎಂದು ಕೇಳಿದ್ದಕ್ಕೆ ಉತ್ತರವನ್ನೂ ಈ ಗಂಟಲುಗಳೇ ಕೊಡಬೇಕಾಯಿತು.

5. ಎಚ್ಚರಿಕೆ: ಗೇಟು

ಈ ವಿಭಾಗವನ್ನು ಎರಡು ಸಲ ಓದಿ. ಇಲ್ಲಿ ತಮಾಷೆ ಇಲ್ಲ.

ಮೇಲೆ ಹೇಳಿದ ಎಲ್ಲ ಕೆಲಸಕ್ಕೂ ಪರಿಚಯವೋ ಗಂಟಲೋ ತೋಳೋ ಬೇಕು. ಏನೂ ಇಲ್ಲದವರನ್ನು ಎಲ್ಲಿ ನಿಲ್ಲಿಸುತ್ತಾರೆ? ಗೇಟಿನಲ್ಲಿ. ನಿನ್ನೆ ರಾತ್ರಿ ಫೋನ್ ಬಂದವನಿಗೆ ಇಂದು ಬೆಳಿಗ್ಗೆ ಹಗ್ಗದ ಒಂದು ತುದಿ ಕೊಟ್ಟು, "ಹೀಗೆ ಹಿಡ್ಕೊ, ಪಾಸ್ ಇದ್ದವರನ್ನು ಬಿಡು" ಎನ್ನುತ್ತಾರೆ. ತರಬೇತಿ ಅಷ್ಟೇ. ಒಳಗೆ ಎಷ್ಟು ಜನ ಹಿಡಿಸುತ್ತದೆ, ಈಗ ಎಷ್ಟಿದ್ದಾರೆ, ತುಂಬಿದ ಮೇಲೆ ಏನು ಮಾಡಬೇಕು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ; ಹೇಳುವವರಿಗೂ ಗೊತ್ತಿರುವುದಿಲ್ಲ.

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದ ಹೊರಗೆ, ಫುಟ್‌ಬಾಲ್ ಪಂದ್ಯಕ್ಕೆ ಬಂದ ಲಿವರ್‌ಪೂಲ್ ತಂಡದ ಅಭಿಮಾನಿಗಳ ಒತ್ತಡ ಹೆಚ್ಚಿತು. ಒತ್ತಡ ಇಳಿಸಲು ಪೊಲೀಸರು ಒಂದು ನಿರ್ಗಮನ ಗೇಟು ತೆರೆದರು. ಜನ ಎದುರಿಗೆ ಕಂಡ ಸುರಂಗದೊಳಗೆ ಹೋದರು. ಸುರಂಗದ ಆಚೆಯ ಆವರಣಗಳು ಆಗಲೇ ತುಂಬಿದ್ದವು. ಎಡಕ್ಕೂ ಬಲಕ್ಕೂ ಇನ್ನೂ ಜಾಗವಿತ್ತು. ಸುರಂಗದ ಬಾಯಿಯಲ್ಲಿ ನಿಂತು "ಇಲ್ಲಿ ಬೇಡ, ಆ ಕಡೆ ಹೋಗಿ" ಎನ್ನುವವರು ಇರಲಿಲ್ಲ. 97 ಜನರ ಜೀವ ಹೋಯಿತು. ಆಮೇಲೆ ವಿಚಾರಣೆ, ವರದಿ, ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನ, ಗೇಟಿನವರಿಗೆ ತರಬೇತಿ ಎಲ್ಲವೂ ಬಂದವು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಒಳಗೆ ಹಿಡಿಸುವುದು ಸುಮಾರು 35,000 ಜನ. ಹೊರಗೆ ಬಂದವರು ಎರಡು ಮೂರು ಲಕ್ಷವೆಂದು ಸರ್ಕಾರವೇ ಹೇಳಿತು. ಅಂದು ಆಟವೇ ಇರಲಿಲ್ಲ. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯರು. ನಂತರ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ, ಆ ಕ್ರೀಡಾಂಗಣದ ವಿನ್ಯಾಸ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಎಂದಿತು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳು ನವಿ ಮುಂಬಯಿಗೆ ಹೋದವು.

ಸತ್ತವರ ಲೆಕ್ಕದ ಮುಂದೆ ಕೂಲಿಯ ಮಾತು ಸಣ್ಣದೇ. ಆದರೂ ಈ ಕೈಪಿಡಿ ಕೂಲಿಯವರಿಗಾಗಿ ಇರುವುದರಿಂದ ಹೇಳಬೇಕು: ಗೇಟು ಕೈಕೊಟ್ಟ ದಿನ ಬೀಗ ಬೀಳುವುದು ಗೇಟಿಗೆ ಮಾತ್ರವಲ್ಲ. ಬಾವುಟ ಮಾರುವವರು, ಮುಖಕ್ಕೆ ಬಣ್ಣ ಹಚ್ಚುವವರು, ಕುರ್ಚಿ ಒರೆಸುವವರು, ಪಾರ್ಕಿಂಗಿನವರು, ಕಬ್ಬನ್ ರಸ್ತೆಯ ಬದಿಯಲ್ಲಿ ಕಡಲೆಕಾಯಿ ಹುರಿಯುವವರು, ಎಲ್ಲರ ಪಂದ್ಯದ ದಿನಗಳೂ ಒಟ್ಟಿಗೆ ಹೋದವು. ಮೈದಾನದ ಇಡೀ ಸಂಸಾರ ನಿಂತಿರುವುದು, ಅಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವನು ಹಿಡಿದ ಹಗ್ಗದ ಮೇಲೆ.

ಮಂಗಳೂರಿಗೆ ಇದು ದೂರದ ಸುದ್ದಿಯಲ್ಲ. ನಮ್ಮ ಮೈದಾನಗಳಿಗೆ ಹಲವು ಕಡೆ ಗೋಡೆಯೇ ಇಲ್ಲ, ಅದೇ ನಮ್ಮ ಪುಣ್ಯ. ಒತ್ತಡವಾದರೆ ಜನ ಗದ್ದೆಗೆ ಇಳಿದು ಚೆದುರುತ್ತಾರೆ. ಆದರೆ ಟಿಕೆಟು, ತಗಡಿನ ಬೇಲಿ, ಸಿನಿಮಾ ನಟರ ಭೇಟಿ, ಈ ಮೂರೂ ಒಂದೇ ಸಂಜೆ ಒಟ್ಟಾದರೆ ಆ ಪುಣ್ಯ ಖರ್ಚಾಗುತ್ತದೆ. ಆದ್ದರಿಂದ ಗೇಟಿಗೆ ನಿಂತವರು ಪಾಲಿಸಬೇಕಾದ ಕ್ರಮ ಇದು:

ಒಂದು, ಲೆಕ್ಕ ಇಡಿ. ನೂರಕ್ಕೊಂದು ಗೆರೆ ಹಾಕಿದರೂ ಸಾಕು.

ಎರಡು, ಒಳಗಿನ ದಾರಿಯಲ್ಲಿ ನಿಮ್ಮ ಬೆನ್ನ ಹಿಂದೆ ಒಬ್ಬ ಇರಲಿ. ಮುಂದೆ ಜಾಗ ಇದೆಯೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ.

ಮೂರು, ಮೈಕಿನಲ್ಲಿ "ಎಲ್ಲರೂ ಬನ್ನಿ, ಉಚಿತ ಪ್ರವೇಶ" ಎಂದು ಘೋಷಿಸುವವರಿಗೆ ಗೇಟಿನ ಸ್ಥಿತಿ ಮೊದಲು ತಲುಪಬೇಕು. ಮೈಕು ಕರೆಯುವುದು, ಗೇಟು ತಳ್ಳುವುದು, ಎರಡೂ ಒಟ್ಟಿಗೆ ನಡೆಯಬಾರದು.

ನಾಲ್ಕು, ಹೊರಹೋಗುವ ದಾರಿಯಲ್ಲಿ ಐಸ್‌ಕ್ರೀಮ್ ಗಾಡಿ ನಿಂತಿದ್ದರೆ ತೆಗೆಸಿ. ಅದು ಸಮಿತಿಯವರ ಭಾವನದ್ದಾದರೂ ತೆಗೆಸಿ.

6. ದೋಷಗಳು ಮತ್ತು ಪರಿಹಾರ

ದೋಷ: ಅಧ್ಯಕ್ಷರ ಮನೆಯವರು ಪಾಸ್ ಇಲ್ಲದೆ ಹದಿನಾಲ್ಕು ಜನ ಬಂದಿದ್ದಾರೆ.
ಪರಿಹಾರ: ಅಧ್ಯಕ್ಷರಿಗೇ ಫೋನ್ ಕೊಡಿ. ಹದಿನಾಲ್ಕರಲ್ಲಿ ಒಂಬತ್ತು ಜನರ ಪರಿಚಯ ಅವರಿಗೂ ಇರುವುದಿಲ್ಲ.

ದೋಷ: ಕರೆಂಟ್ ಹೋಗಿದೆ, ರೈಡರ್ ಎದುರಾಳಿಯ ಅಂಕಣದಲ್ಲಿದ್ದಾನೆ.
ಪರಿಹಾರ: ಜನರೇಟರ್ ಸುರು ಮಾಡಿ. ಆ ಅರ್ಧ ನಿಮಿಷದಲ್ಲಿ ಯಾರು ಯಾರನ್ನು ಮುಟ್ಟಿದರು ಎಂದು ಕೇಳಿದರೆ, ನೀವು ಡೀಸೆಲ್ ತರಲು ಹೋಗಿದ್ದಿರಿ.

ದೋಷ: ಮಳೆ ಬಂದಿದೆ.
ಪರಿಹಾರ: ಮಾದರಿ ಇ ಆಗಿದ್ದರೆ ಮೊದಲು ದೀಪದ ತಂತಿ ನೋಡಿ, ಆಮೇಲೆ ಅಂಕಣ. ಮಾದರಿ ಈ ಆಗಿದ್ದರೆ ಕೋಣಗಳು ಖುಷಿಯಾಗಿವೆ; ನೀವೂ ಆಗಿ.

ದೋಷ: ನಿಮಗೆ ಪಂದ್ಯ ಕಾಣುತ್ತಿಲ್ಲ.
ಪರಿಹಾರ: ಇದು ದೋಷವಲ್ಲ, ಉತ್ಪನ್ನದ ಗುಣ. ಫಲಿತಾಂಶವನ್ನು ಬಸ್ಸಿನಲ್ಲಿ ಪಕ್ಕದವರಿಂದ ಕೇಳಿ ತಿಳಿದುಕೊಳ್ಳಿ.

7. ಕೂಲಿ

ದೊಡ್ಡ ಕ್ರೀಡಾಂಗಣಗಳಲ್ಲಿ ನೆಲ ನೋಡಿಕೊಳ್ಳುವವರ ನೆನಪು ಕೆಲವೊಮ್ಮೆ ಆಗುವುದುಂಟು. 2024ರ ಐಪಿಎಲ್ ಮುಗಿದಾಗ ಕ್ರಿಕೆಟ್ ಮಂಡಳಿ ಹತ್ತು ಖಾಯಂ ಮೈದಾನಗಳ ಸಿಬ್ಬಂದಿಗೆ ಮೈದಾನವೊಂದಕ್ಕೆ 25 ಲಕ್ಷ ರೂಪಾಯಿಯಂತೆ ಘೋಷಿಸಿತು. ಒಳ್ಳೆಯದೇ. ಆದರೆ ಅದು ಬಹುಮಾನ. ಬಹುಮಾನವನ್ನು ಕೊಡುವವರು ಕೊಟ್ಟಾಗ ತೆಗೆದುಕೊಳ್ಳಬೇಕು, ಕೂಲಿಯನ್ನು ಕೇಳಿ ಪಡೆಯಬಹುದು.

ನಮ್ಮಲ್ಲಿ ಕೂಲಿ ಕೇಳುವುದು ಸುಲಭವಲ್ಲ. ಪಂದ್ಯ ಊರಿನದ್ದು, ದೇವಸ್ಥಾನದ ವಾರ್ಷಿಕೋತ್ಸವದ್ದು, ಯುವಕ ಮಂಡಲದ ಬೆಳ್ಳಿಹಬ್ಬದ್ದು. ಕೇಳಿದರೆ "ನಮ್ಮದೇ ಕಾರ್ಯಕ್ರಮ ಅಲ್ವಾ" ಎನ್ನುತ್ತಾರೆ. ಈ ಮಾತು ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ಟ್ರೋಫಿ ಅಂಗಡಿಗೆ ಅನ್ವಯಿಸುವುದಿಲ್ಲ. ಅವರ ಬಿಲ್ಲು ಅಂದೇ ಪಾವತಿಯಾಗುತ್ತದೆ. ನಿಜವಾಗಿ ಸೇವೆಗೆಂದೇ ಬರುವವರು ಪ್ರತಿ ಊರಿನಲ್ಲೂ ಇದ್ದಾರೆ, ಅವರಿಲ್ಲದೆ ಒಂದು ಕಂಬಳವೂ ನಡೆಯುವುದಿಲ್ಲ. ಅವರಿಗೆ ಈ ವಿಭಾಗ ಬೇಕಾಗಿಲ್ಲ. ಆದರೆ ಸೇವೆ ಯಾವುದು, ಕೆಲಸ ಯಾವುದು ಎಂದು ಬೆಳಿಗ್ಗೆ ಆರಕ್ಕೇ ತೀರ್ಮಾನವಾಗಲಿ. ಸಂಜೆ ಸಮಾರೋಪದಲ್ಲಿ ತೀರ್ಮಾನಿಸಿದರೆ ನಿಮಗೆ ಶಾಲು ಬೀಳುತ್ತದೆ, ಫೋಟೋ ಬರುತ್ತದೆ, ಬಸ್ಸಿಗೆ ದುಡ್ಡು ನಿಮ್ಮದೇ.

8. ಖಾತರಿ

ಈ ಕೈಪಿಡಿಯಂತೆ ನಡೆದುಕೊಂಡು ನಿಮಗೆ ಖಾಯಂ ನೌಕರಿ ಸಿಕ್ಕಿದರೆ ಪ್ರಕಾಶಕರು ಹೊಣೆಯಲ್ಲ. ಟೀಶರ್ಟಿನ ಬಣ್ಣ ಹೋಗುವುದು, ಗಂಟಲು ಹೋಗುವುದು, ಮುಂದಿನ ಸಲದ ಕರೆ ಬಾರದಿರುವುದು ಖಾತರಿಯ ವ್ಯಾಪ್ತಿಯಲ್ಲಿಲ್ಲ.

9. ಕತ್ತರಿಸಿ ಇಟ್ಟುಕೊಳ್ಳುವ ಚೀಟಿ

ಕೆಲಸಕ್ಕೆ ನಿಲ್ಲುವ ಮೊದಲು ತುಂಬಿಸಿಕೊಳ್ಳಿ.

ಇಂದಿನ ಕೂಲಿ ........ ರೂಪಾಯಿ. ಕೊಡುವವರು ........ ಕೊಡುವ ಹೊತ್ತು ........

ನನ್ನ ಗೇಟಿನ ಒಳಗೆ ಹಿಡಿಸುವ ಜನ ........

ಸಾಕು, ಗೇಟು ಮುಚ್ಚು ಎನ್ನುವ ಅಧಿಕಾರ ಇರುವವರು ........ ಅವರ ಫೋನ್ ........

ಅವರು ಫೋನ್ ಎತ್ತದಿದ್ದರೆ ನಿರ್ಧಾರ ನನ್ನದು. ಸಮಿತಿಯ ಸಹಿ ........

ಕೊನೆಯ ಸಾಲಿಗೆ ಸಹಿ ಹಾಕಲು ಸಮಿತಿ ಒಪ್ಪದಿದ್ದರೆ ಹಗ್ಗ ಅವರ ಕೈಗೇ ಕೊಡಿ, ಪಾರ್ಕಿಂಗ್ ಕೆಲಸ ಕೇಳಿ.